ಉಬ್ಬರ

ಉಬ್ಬರ (ನಾಮಪದ): ಊದುವಿಕೆ, ಏರಿಕೆ, ಹೊಟ್ಟೆ ಬಿಗಿದು ಊದಿಕೊಳ್ಳುವುದು.

‘ಉಬ್ಬು’ ಧಾತುವಿನಿಂದ ಬಂದ ಪದ. ಹಳಗನ್ನಡದ ಉರ್ಬು, ‘ಕರ್ಬು’ ಕಬ್ಬಾದಂತೆ, ಉಬ್ಬು ಆಯಿತು. ತೆಲುಗಿನಲ್ಲಿ ಹೊಟ್ಟೆಯುಬ್ಬರಕ್ಕೆ ‘ಕಡುಪು ಉಬ್ಬರಂ’, ತಮಿಳಿನಲ್ಲಿ ‘ಉಪ್ಪುಸಂ’. ಕರಾವಳಿಯಲ್ಲಿ ಉಬ್ಬರವೆಂದರೆ ಕಡಲಿನ ಏರಿಕೆ, ಪತ್ರಿಕೆಗಳಲ್ಲಿ ಹಣದುಬ್ಬರ. ದನಗಳಿಗೂ ಹೊಟ್ಟೆಯುಬ್ಬರ ಬರುತ್ತದೆ.

ರೋಣ, ನರಗುಂದ, ಗಜೇಂದ್ರಗಡದ ಕಡೆ ರೋಗಿ ವೈದ್ಯರೆದುರು ‘ಹೊಟ್ಟಿ ಉಬ್ಬೇತಿ’ ಎನ್ನುತ್ತಾನೆ. ಕಡಲೆ ಬೆಳೆಯುವ ಈ ಎರೆನಾಡಿನಲ್ಲಿ ಅದನ್ನು ಕಾಳಿನ ವಾಯು ಎಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಕೆರಳುವ ಕರುಳಿನ ತೊಂದರೆ, ಅಂದರೆ ಐಬಿಎಸ್, ಏಷ್ಯಾದ ಅನೇಕರಲ್ಲಿ ಉಬ್ಬರವಾಗಿಯೇ ಮೊದಲು ಮಾತಿಗೆ ಬರುತ್ತದೆ. ಆದರೆ ಐಬಿಎಸ್ ಗುರುತಿಸಲು ಬಳಸುವ 2016ರ ರೋಮ್-4 ಮಾನದಂಡ ಕೇಳುವುದು ನೋವನ್ನು: ಕಳೆದ 3 ತಿಂಗಳಲ್ಲಿ ಸರಾಸರಿ ವಾರಕ್ಕೆ 1 ದಿನವಾದರೂ ಹೊಟ್ಟೆನೋವು, ಜೊತೆಗೆ ಮಲವಿಸರ್ಜನೆಯೊಂದಿಗೆ ಅದರ ನಂಟು, ಮಲವಿಸರ್ಜನೆಯ ಸಂಖ್ಯೆಯಲ್ಲಿ ಬದಲಾವಣೆ, ಮಲದ ರೂಪದಲ್ಲಿ ಬದಲಾವಣೆ, ಇವುಗಳಲ್ಲಿ ಕನಿಷ್ಠ 2, ತೊಂದರೆ ಶುರುವಾಗಿ 6 ತಿಂಗಳಾಗಿರಬೇಕು. ಹಿಂದಿನ ಆವೃತ್ತಿಯಲ್ಲಿದ್ದ ‘ಅಸ್ವಸ್ಥತೆ’ಯನ್ನು ಕೈಬಿಟ್ಟದ್ದಕ್ಕೆ ಒಂದು ಕಾರಣ, ಎಲ್ಲ ಭಾಷೆಗಳಲ್ಲೂ ಅದಕ್ಕೆ ಒಂದೇ ಅರ್ಥದ ಪದವಿಲ್ಲದ್ದು. ಹೀಗಾಗಿ ನೋವೆನ್ನದೆ ಉಬ್ಬರವೆಂದಷ್ಟೇ ಹೇಳುವ ರೋಗಿ ಲೆಕ್ಕದಿಂದ ಹೊರಗುಳಿಯಬಹುದು. ‘ಮಲಬದ್ಧತೆ’ಯ ಅರ್ಥವೂ ಎಲ್ಲೆಡೆ ಒಂದೇ ಅಲ್ಲ: ಪಶ್ಚಿಮದಲ್ಲಿ ವಾರಕ್ಕೆ 3 ಸಲವೂ ಸಹಜ, ಭಾರತದಲ್ಲಿ ದಿನವೂ ಹೋಗುವವರು ಕೂಡ ಹೊಟ್ಟೆ ಖಾಲಿಯಾಗಿಲ್ಲವೆಂದು ಬಳಲುತ್ತಾರೆ.

ತೂಕ ಇಳಿಕೆ, ಮಲದಲ್ಲಿ ರಕ್ತ, ಜ್ವರ, ರಕ್ತಹೀನತೆ ಇದ್ದರೆ ‘ಉಬ್ಬರ’ ಎಂಬ ಹೆಸರಿನಲ್ಲೇ ನಿಲ್ಲದೆ ಕರುಳಿನ ಕ್ಷಯದಂಥ ಬೇರೆ ಕಾಯಿಲೆಗಳನ್ನು ಪರೀಕ್ಷಿಸಬೇಕು.