ಭತ್ತದಲ್ಲಿ ಈರುಳ್ಳಿ ಎಲೆಯಂಥ ಕೊಳವೆ: ಕಣೆ ನೊಣ ಗುರುತಿಸೋದು ಹೇಗೆ?

ನಾಟಿಯಾಗಿ ತಿಂಗಳು ಕಳೆಯೋ ಹೊತ್ತಿಗೆ, ಮೋಡ ಮುಸುಕಿ ಜಿಟಿಜಿಟಿ ಮಳೆ ಹಿಡಿದರೆ ಕೆಲವು ಗದ್ದೆಗಳಲ್ಲಿ ಸುಳಿ ಎಲೆಯ ಬದಲು ಬೆಳ್ಳಗಿನ ಉದ್ದ ಕೊಳವೆ ಏಳುತ್ತದೆ. ಥೇಟ್ ಈರುಳ್ಳಿ ಎಲೆ. ರೈತರು ಅದನ್ನು ಕಿತ್ತುಕೊಂಡು ಗೊಬ್ಬರ-ಔಷಧಿ ಅಂಗಡಿಗೆ ಬರುತ್ತಾರೆ, 'ಕಾಂಡ ಕೊರಕ' ಅಂತ ಹೇಳಿ ಔಷಧಿ ಒಯ್ಯುತ್ತಾರೆ. ದುಡ್ಡು ನೀರಿಗೆ ಹೋಗೋದು ಇಲ್ಲೇ. ಇದು ಕಾಂಡ ಕೊರಕದ ಕೆಲಸವಲ್ಲ, ಕಣೆ ನೊಣದ್ದು.

ಎರಡರ ವ್ಯತ್ಯಾಸ ಕೈಯಲ್ಲೇ ಗೊತ್ತಾಗುತ್ತದೆ. ಕಾಂಡ ಕೊರಕ ಹೊಕ್ಕರೆ ಸುಳಿ ಕಂದಾಗಿ ಒಣಗುತ್ತದೆ, ಎಳೆದರೆ ಸಲೀಸಾಗಿ ಕೈಗೆ ಬರುತ್ತದೆ, ಬುಡದಲ್ಲಿ ಕಡಿದ ಗುರುತಿರುತ್ತದೆ. ಕಣೆ ನೊಣದ ಸುಳಿ ಒಣಗಿರುವುದಿಲ್ಲ. ಒಳಗೆ ಟೊಳ್ಳಾದ, ಸುತ್ತಲೂ ಮುಚ್ಚಿದ ಕೊಳವೆಯಾಗಿರುತ್ತದೆ. ಥ್ರಿಪ್ಸ್ ನುಸಿಗೆ ಸುರುಳಿಯಾದ ಎಲೆಯನ್ನು ಬೆರಳಿನಿಂದ ಬಿಡಿಸಬಹುದು, ಈ ಕೊಳವೆಯನ್ನು ಸೀಳಲೇಬೇಕು. ಹಸಿ ಕೊಳವೆ ಸೀಳಿದರೆ ಬುಡದಲ್ಲಿ ಚಿಕ್ಕ ಮರಿಹುಳು ಅಥವಾ ಕೋಶ ಸಿಗುತ್ತದೆ. ತುದಿಯ ಹತ್ತಿರ ಸಣ್ಣ ತೂತಿದ್ದು, ಅದರಲ್ಲಿ ತೆಳ್ಳನೆ ಪೊರೆ ಸಿಕ್ಕಿಕೊಂಡಿದ್ದರೆ ನೊಣ ಆಗಲೇ ಹಾರಿಹೋಗಿದೆ ಅಂತ ಅರ್ಥ.

ನೊಣ ಅಂತ ಹೆಸರಿದ್ದರೂ ನೋಡೋಕೆ ಸೊಳ್ಳೆಯ ಹಾಗೆ. ಉದ್ದ ಕಾಲು, ಮಣಿ ಪೋಣಿಸಿದಂಥ ಮೀಸೆ, ರೆಕ್ಕೆಯಲ್ಲಿ ಬೆರಳೆಣಿಕೆಯ ನರಗಳು. ಹೆಣ್ಣಿನ ಹೊಟ್ಟೆ ಕೆಂಪಗಿರುತ್ತದೆ. ಉದ್ದ ಸುಮಾರು 3ರಿಂದ 3.5 ಮಿ.ಮೀ. ಕಚ್ಚುವುದಿಲ್ಲ. ರಾತ್ರಿ ದೀಪಕ್ಕೆ ಬರುತ್ತದೆ, ಕೆಲವೇ ದಿನ ಬದುಕುತ್ತದೆ. ಮೊಟ್ಟೆಯಿಂದ ಮೂರು-ನಾಲ್ಕು ದಿನದಲ್ಲಿ ಹೊರಬಂದ ಮರಿ, ಎಲೆಕವಚದ ಸಂದಿಯಲ್ಲಿ ಇಳಿದು ತೆಂಡೆಯ ಬೆಳೆಯುವ ಮೊಗ್ಗನ್ನು ಸೇರುತ್ತದೆ. ಅದು ಅಲ್ಲಿ ಮೇಯುವಾಗಲೇ ಎಲೆಕವಚ ಕೊಳವೆಯಾಗಿ ಬೆಳೆಯುತ್ತದೆ. ಆ ತೆಂಡೆಯಲ್ಲಿ ತೆನೆ ಬರುವುದಿಲ್ಲ. ಕೊಳವೆ ಕಂಡ ಮೇಲೆ ಯಾವ ಔಷಧಿ ಹೊಡೆದರೂ ಆ ತೆಂಡೆ ಉಳಿಯದು.

ಹೆಸರಿನ ವಿಚಾರ. ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನಲ್ಲಿದ್ದ ಜೇಮ್ಸ್ ವುಡ್-ಮೇಸನ್ 1889ರಲ್ಲಿ ಇದಕ್ಕೆ ಸೆಸಿಡೋಮಿಯಾ ಒರೈಝೆ ಅಂತ ಹೆಸರಿಟ್ಟರು. ಆಮೇಲೆ ಬಹಳ ಕಾಲ ಪ್ಯಾಕಿಡಿಪ್ಲೋಸಿಸ್ ಒರೈಝೆ ಎಂದೇ ನಡೆಯಿತು. ಹಳೇ ಕೃಷಿ ಪುಸ್ತಕಗಳಲ್ಲಿ ಈ ಹೆಸರು ಕಂಡರೆ ಬೇರೆ ಕೀಟ ಅಂದುಕೊಳ್ಳಬೇಕಿಲ್ಲ. ಈಗಿನ ಹೆಸರು ಒರ್ಸಿಯೋಲಿಯಾ ಒರೈಝೆ, ಕುಟುಂಬ ಸೆಸಿಡೋಮೈಯಿಡೇ. ಕುಲ ಬದಲಾದ ಕಾರಣಕ್ಕೇ ವುಡ್-ಮೇಸನ್ ಹೆಸರನ್ನು ಆವರಣದೊಳಗೆ ಬರೆಯುತ್ತಾರೆ. ಆಫ್ರಿಕದ ಭತ್ತದಲ್ಲಿರುವುದೂ ಇದೇ ಅಂತ ನಂಬಿದ್ದರು. 1982ರಲ್ಲಿ ಹ್ಯಾರಿಸ್ ಮತ್ತು ಗ್ಯಾನ್ಯೆ ಎಂಬ ತಜ್ಞರು ಅದನ್ನು ಒರ್ಸಿಯೋಲಿಯಾ ಒರೈಝಿವೊರಾ ಅಂತ ಬೇರೆ ಪ್ರಭೇದ ಮಾಡಿದರು. ಗರಿಕೆ ಹುಲ್ಲಿನಲ್ಲಿ ಗಂಟು ಮಾಡುವುದು ಇದೇ ಕುಲದ ಇನ್ನೊಂದು ಪ್ರಭೇದ. ಹೊಂಗೆ ಎಲೆ ಮೇಲಿನ ಗಂಟುಗಳಿಗಂತೂ ನೊಣಕ್ಕೆ ಸಂಬಂಧವೇ ಇಲ್ಲ, ಅದು ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಯ ಕೆಲಸ.

ನಿಜವಾದ ತಲೆನೋವು ಬೇರೆ ಇದೆ. ಭಾರತದಲ್ಲಿ ಈ ಒಂದೇ ಪ್ರಭೇದದ ಏಳು 'ಬಯೋಟೈಪ್'ಗಳನ್ನು ಗುರುತಿಸಲಾಗಿದೆ. ಕಣ್ಣಿಗೆ ಎಲ್ಲವೂ ಒಂದೇ. ಬೇರೆ ಬೇರೆ ನಿರೋಧಕ ಗುಣದ ಭತ್ತದ ತಳಿಗಳ ಮೇಲೆ ಬಿಟ್ಟು, ಯಾವುದರಲ್ಲಿ ಕೊಳವೆ ಬಂತು, ಯಾವುದರಲ್ಲಿ ಬರಲಿಲ್ಲ ಅಂತ ನೋಡಿಯೇ ಪತ್ತೆ ಮಾಡಬೇಕು. ಆಂಧ್ರದಲ್ಲಿ ಹೆಸರು ಮಾಡಿದ್ದ ನಿರೋಧಕ ತಳಿ ಫಲ್ಗುಣ, ಹೊಸ ಬಯೋಟೈಪ್ ಬಂದಾಗ ಸೋತಿತು. ಹಾಗಾಗಿ ಚೀಲದ ಮೇಲೆ 'ಕಣೆ ನೊಣ ನಿರೋಧಕ' ಅಂತಿದ್ದ ಮಾತ್ರಕ್ಕೆ ಎಲ್ಲ ಊರಿಗೂ ಆಗುತ್ತದೆ ಅಂತ ಅಂಗಡಿಯವರು ಭರವಸೆ ಕೊಡುವಂತಿಲ್ಲ. ಬೀಜ ಕೊಳ್ಳುವ ಮೊದಲೇ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸುವುದು ಒಳ್ಳೇದು.

ಕೊಳವೆ ಸೀಳಿದಾಗ ಕೆಲವೊಮ್ಮೆ ಸಣ್ಣ ಕಪ್ಪು ಕಣಜಗಳು ಸಿಗುತ್ತವೆ. ಇವನ್ನು ಹೊಸ ಕೀಟ ಅಂದುಕೊಂಡು ಗಾಬರಿಯಾಗಬೇಡಿ. ಅದು ಪ್ಲಾಟಿಗ್ಯಾಸ್ಟರ್ ಒರೈಝೆ, ಕಣೆ ನೊಣದ ಮರಿಯನ್ನು ಒಳಗಿಂದಲೇ ತಿಂದು ಬೆಳೆಯುವ ಪರಾವಲಂಬಿ. ಒಂದೇ ಮೊಟ್ಟೆಯಿಂದ ಹಲವು ಕಣಜ ಹುಟ್ಟುತ್ತವೆ. ಕೊಳವೆಗಳಲ್ಲಿ ಇವೇ ಹೆಚ್ಚಿದ್ದ ಗದ್ದೆಗೆ ಔಷಧಿ ಹೊಡೆದರೆ ಮೊದಲು ಸಾಯೋದು ಈ ಕಣಜ.