ಒಂದು ಫಾರ್ದಿಂಗಿನ ತೀರ್ಪು

ಚಿತ್ರವನ್ನು ಬರೆಯುವವನೊಬ್ಬ, ಅದಕ್ಕೆ ಬೆಲೆಕಟ್ಟುವವನು ಮತ್ತೊಬ್ಬ. ಈ ಇಬ್ಬರ ಕಲಹವು ನ್ಯಾಯಸ್ಥಾನದ ಮೆಟ್ಟಿಲನ್ನೇರಿದ ಪ್ರಸಂಗವೊಂದನ್ನು ನಾವೀಗ ನೆನೆಯೋಣ.

1877ರಲ್ಲಿ ಲಂಡನ್ನಿನ ಗ್ರೋವ್‌ನರ್ ಗ್ಯಾಲರಿಯಲ್ಲಿ ವಿಸ್ಲರನೆಂಬ ಅಮೆರಿಕದ ಚಿತ್ರಕಾರನು, ಇರುಳಿನಲ್ಲಿ ಬಾಣಬಿರುಸಿನ ಕಿಡಿಗಳುದುರುವ ಪಟವೊಂದನ್ನು ಪ್ರದರ್ಶಿಸಿದನು. ಬೆಲೆ 200 ಗಿನಿ. ವಿಮರ್ಶಕಶ್ರೇಷ್ಠನಾದ ರಸ್ಕಿನ್ನನು ಅದನ್ನು ಕಟುವಾಗಿ ಹಳಿದನು. ವಿಸ್ಲರನು ಮಾನನಷ್ಟದ ಮೊಕದ್ದಮೆ ಹೂಡಿದನು. 1878ರ ನವೆಂಬರಿನಲ್ಲಿ ವಿಚಾರಣೆ ನಡೆಯಿತು. ಎರಡು ದಿನದ ಕೆಲಸಕ್ಕೆ ಇಷ್ಟು ಹಣವೆ ಎಂದು ಎದುರುಪಕ್ಷದ ವಕೀಲರು ಕೇಳಲು, ಬಾಳೆಲ್ಲ ಗಳಿಸಿದ ಅರಿವಿಗೆ ಅದು ಬೆಲೆಯೆಂದನು. ಗೆದ್ದನು, ದೊರೆತ ಪರಿಹಾರ ಒಂದು ಫಾರ್ದಿಂಗ್, ಎಂದರೆ ಕಾಲು ಪೆನ್ನಿ! ಮರುವರ್ಷ ದಿವಾಳಿಯಾದನು. ರಸ್ಕಿನ್ನನೂ ಆಕ್ಸ್‌ಫರ್ಡಿನ ಪ್ರಾಧ್ಯಾಪಕ ಪದವಿಯನ್ನು ತೊರೆದನು.

ಸೋಜಿಗವೆಂದರೆ, ಟರ್ನರನ ಮಂಜುಬೆಳಕಿನ ಚಿತ್ರಗಳನ್ನು ವಿಮರ್ಶಕರು ಹಾಸ್ಯಮಾಡಿದಾಗ, 1843ರಲ್ಲಿ ಅವನ್ನು ನೋಡುವ ಬಗೆಯನ್ನು ಕಲಿಸಿದವನು ಇದೇ ರಸ್ಕಿನ್. ಆತನಿಗೆ ಕಣ್ಣಿಲ್ಲದಿರಲಿಲ್ಲ, ಶ್ರಮ ಕಾಣದೆಡೆಯಲ್ಲಿ ಕಲೆಯೂ ಇಲ್ಲವೆಂಬ ನಂಬಿಕೆಯು ಕಣ್ಣಿಗೆ ಅಡ್ಡವಾಯಿತು. ಒಮ್ಮೆ ಚೆನ್ನಾಗಿ ಕಂಡ ಕಣ್ಣು ಎಂದೆಂದಿಗೂ ಕಾಣುವುದೆಂಬ ಭರವಸೆ ನಮಗೂ ಸಲ್ಲದು. “ಅರ್ಥವಾಗಲಿಲ್ಲ” ಎನ್ನಬೇಕಾದೆಡೆ “ಅರ್ಥವಿಲ್ಲ” ಎನ್ನದಿರುವುದೇ ಸಹೃದಯತೆಯ ಮೊದಲ ಪಾಠ.