ಮಾಡಿನ ಮೇಲಿನ ಸಾಕ್ಷ್ಯ: ಮಂಡ್ಯ ಸೀಮೆಯ ಟಿ.ವಿ. ಚರಿತ್ರೆಗೆ ಆಂಟೆನಾ ಆಧಾರ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕೂ ಕಡೆ ಟಿ.ವಿ. ಚಿತ್ರ ಬಂದದ್ದು ಮೈಸೂರಿನ ಮರುಪ್ರಸಾರದಿಂದ ಎಂಬ ಮಾತನ್ನು ಪರೀಕ್ಷಿಸದೆ ಒಪ್ಪಿಕೊಳ್ಳಲಾಗಿದೆ. ನಕ್ಷೆಯಲ್ಲಿ ಕೇಂದ್ರದ ಸುತ್ತ ವೃತ್ತ ಎಳೆದು, ಒಳಗಿನವರೆಲ್ಲ ನೋಡಿದರು, ಹೊರಗಿನವರು ಕಾದರು ಎನ್ನುವ ಈ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಸರ್ಕಾರ ಕಳಿಸಿದ್ದನ್ನಷ್ಟೇ ವೃತ್ತ ಹೇಳುತ್ತದೆ. ಜನ ಹಿಡಿದದ್ದನ್ನು ತಿಳಿಯಲು ಆಂಟೆನಾಗಳನ್ನೇ ಓದಬೇಕು.

1984ರ ವಿಸ್ತರಣೆಯಲ್ಲಿ ಊರೂರಿಗೆ ಬಂದ ಸಣ್ಣ ಕೇಂದ್ರಗಳ ಶಕ್ತಿ 100 ವ್ಯಾಟ್. ವ್ಯಾಪ್ತಿ ಸುಮಾರು 25 ಕಿ.ಮೀ. ಅಂಥ ವೃತ್ತವನ್ನು ಮೈಸೂರಿನ ಸುತ್ತ ಎಳೆದರೆ ಶ್ರೀರಂಗಪಟ್ಟಣ ಒಳಗೆ, ಪಾಂಡವಪುರ ಅಂಚಿನಲ್ಲಿ. ನೇರ ಗೆರೆಯಲ್ಲಿ 40 ಕಿ.ಮೀ. ದಾಟುವ ಕೆ.ಆರ್. ಪೇಟೆ, 60ರ ಹತ್ತಿರದ ನಾಗಮಂಗಲ ಹೊರಗೇ ಉಳಿಯುತ್ತವೆ. 1981ರ ನವೆಂಬರ್ 1ರಂದು ಪ್ರಸಾರ ಆರಂಭಿಸಿದ ಬೆಂಗಳೂರು ನಾಗಮಂಗಲಕ್ಕೆ 90 ಕಿ.ಮೀ., ಕೆ.ಆರ್. ಪೇಟೆಗೆ 120ಕ್ಕೂ ಹೆಚ್ಚು ದೂರ. ಸಮತಟ್ಟು ನೆಲದಲ್ಲಿ 100 ಮೀಟರ್ ಗೋಪುರದ ಅಲೆಗಳ ದಿಗಂತ 41 ಕಿ.ಮೀ.; 9 ಮೀಟರ್ ಕಂಬ ನೆಟ್ಟರೆ ಇನ್ನು 12 ಸೇರುತ್ತದೆ. ಬೆಂಗಳೂರು ಎತ್ತರದ ನೆಲ ಎಂಬ ಅನುಕೂಲ ಕೂಡಿಸಿದರೂ ಲೆಕ್ಕ ಸಾಲದು. ಈ ಕೊರತೆಯನ್ನು ತುಂಬಿದ್ದು ಎತ್ತರದ ಕಂಬ, ಹಲವು ಕಡ್ಡಿಗಳ ಆಂಟೆನಾ, ಬೂಸ್ಟರ್ ಮತ್ತು ಹವೆಯ ಕೃಪೆ.

ಗಾಳಿಗೆ ತಿರುಗುವ, ಕೋತಿ ಜಗ್ಗುವ ಆಂಟೆನಾ ದಾಖಲೆಯಾಗಲಾರದು ಎಂಬ ಆಕ್ಷೇಪವಿದೆ. ಇದು ಕಡ್ಡಿಯನ್ನು ಅಳೆದು ನೋಡದವರ ಆಕ್ಷೇಪ. ಜಪಾನಿನ ಉಡಾ ಮತ್ತು ಯಾಗಿ 1926ರಲ್ಲಿ ಪ್ರಕಟಿಸಿದ ವಿನ್ಯಾಸದಲ್ಲಿ ಸಂಕೇತ ಹಿಡಿಯುವ ಕಡ್ಡಿಯ ಉದ್ದ ಅಲೆಯುದ್ದದ ಅರ್ಧಕ್ಕೆ ಹತ್ತಿರ. 174–230 ಮೆಗಾಹರ್ಟ್ಸ್ ಪಟ್ಟಿಗಾದರೆ 65ರಿಂದ 86 ಸೆಂ.ಮೀ.; 47–68ರ ಪಟ್ಟಿಗೆ ಎರಡು ಮೀಟರಿಗೂ ಹೆಚ್ಚು. ಗಾಳಿ ದಿಕ್ಕನ್ನು ಕೆಡಿಸೀತು, ಅಳತೆಯನ್ನಲ್ಲ. ಇನ್ನು ದಿಕ್ಕಿನ ಮಾತು: ನಾಗಮಂಗಲದಿಂದ ಬೆಂಗಳೂರು ಬಹುಪಾಲು ಪೂರ್ವಕ್ಕೆ, ಮೈಸೂರು ದಕ್ಷಿಣಕ್ಕೆ, ನಡುವಿನ ಕೋನ 110 ಡಿಗ್ರಿ ದಾಟುತ್ತದೆ. ಕೆ.ಆರ್. ಪೇಟೆಯಲ್ಲೂ ಅದು 85ರ ಆಸುಪಾಸು. ಹತ್ತಿಪ್ಪತ್ತು ಡಿಗ್ರಿ ಹೊರಳಿದ ಆಂಟೆನಾ ಕೂಡ ಯಾವ ಊರಿನತ್ತ ನೋಡುತ್ತಿತ್ತೆಂದು ಹೇಳಬಲ್ಲದು. ಕಡ್ಡಿ ಹೆಚ್ಚಿದಷ್ಟೂ ಅದು ಹಿಡಿಯುವ ಕೋನ ಕಿರಿದಾಗುತ್ತದೆ. ಹಾಗಾಗಿ ಮಾಡಿನ ಮೇಲೆ ಒಬ್ಬರು ತಿರುಗಿಸುತ್ತ, ಒಳಗಿಂದ ಒಬ್ಬರು ‘ಬಂತು, ಬಿಡು’ ಎನ್ನುವವರೆಗೆ ನಡೆದ ಹುಡುಕಾಟವೇ ದಿಕ್ಕಿನ ನಿರ್ಣಯ. ದೂರದ ಕೇಂದ್ರಕ್ಕಾಗಿ ಕಟ್ಟಿದ ಉದ್ದನೆಯ ಆಂಟೆನಾದ ಸಾಕ್ಷ್ಯ ಇದರಿಂದಲೇ ಹೆಚ್ಚು ಗಟ್ಟಿ.

ಒಂದು ಮಿತಿಯುಂಟು. ಅಳತೆ ಪಟ್ಟಿಯನ್ನಷ್ಟೇ ಸೂಚಿಸುತ್ತದೆ, ದಿಕ್ಕು ಊರನ್ನಷ್ಟೇ. ಎರಡೂ ಕೂಡಿದರೆ ಮಾತ್ರ ತೀರ್ಮಾನ. ಚಿತ್ರ ದಿನವೂ ಬರುತ್ತಿತ್ತೆಂದೂ ಅದರಿಂದ ಸಿದ್ಧವಾಗದು: ನೆಲದ ಬಳಿ ತಂಪು, ಮೇಲೆ ಬಿಸಿ ಹವೆಯಿದ್ದ ರಾತ್ರಿ ದೂರದ ಸಂಕೇತ ಬಾಗಿ ಬಂದು, ಬಿಸಿಲೇರಿದಾಗ ಚುಕ್ಕೆಗಳಷ್ಟೇ ಉಳಿಯಬಹುದು.

ನಾಗಮಂಗಲ, ಕೃಷ್ಣರಾಜಪೇಟೆಗಳ ಶಾಸನಗಳನ್ನು ಬಿ.ಎಲ್. ರೈಸ್ 1898ರಲ್ಲೇ ಎಪಿಗ್ರಾಫಿಯಾ ಕರ್ನಾಟಿಕಾದ 4ನೇ ಸಂಪುಟದಲ್ಲಿ ಸೇರಿಸಿದರು. ಅದೇ ತಾಲ್ಲೂಕುಗಳ ಆಂಟೆನಾಗಳು ಗುಜರಿಗೆ ಹೋಗುವ ಮುನ್ನ ಕಡ್ಡಿಗಳ ಸಂಖ್ಯೆ, ಉದ್ದ, ಅಂತರ, ಕಂಬದ ಎತ್ತರ, ದಿಕ್ಕು ಬರೆದಿಡಬೇಕು. ಆ ಅಳತೆ ಕೈಸೇರದೆ ಈ ಸೀಮೆಯ ಟಿ.ವಿ. ಚರಿತ್ರೆಯನ್ನು ಮೈಸೂರಿನ ಖಾತೆಗೆ ಬರೆಯುವುದು ನ್ಯಾಯವಲ್ಲ.